ಏಪ್ರಿಲ್‌ನಲ್ಲಿ ಕುದುರೆಮುಖ: ಯಾವ ಗುಡ್ಡ ಹತ್ತೋದು?

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ಯುಗಾದಿ ಮುಗಿದು ಮಕ್ಕಳ ಪರೀಕ್ಷೆಯೂ ಆದ ಮೇಲೆ, ಏಪ್ರಿಲ್‌ನಲ್ಲಿ ಮೂರು ದಿನ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕು ಅಂತಿದ್ದೇವೆ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯುವಂಥ ಎರಡು ಚಾರಣ ಸಾಕು. ಮಗನಿಗೆ 12, ಮಗಳಿಗೆ 8, ನಮ್ಮತ್ತೆಗೆ 67. ಅತ್ತೆ ದಿನಾ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುತ್ತಾರೆ, ಆದರೆ ಮೊಣಕಾಲು ನೋವಿದೆ. ನಮ್ಮನೆಯವರು ಮೊಬೈಲಲ್ಲಿ ಹಸಿರು ಗುಡ್ಡದ ವಿಡಿಯೋ ನೋಡಿ, ಹೋದರೆ ಕುದುರೆಮುಖ ಶಿಖರಕ್ಕೇ ಹೋಗೋಣ ಅಂತ ಹಠ ಹಿಡಿದಿದ್ದಾರೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಮೊದಲು ನಿಮ್ಮನೆಯವರ ವಿಡಿಯೋ ವಿಚಾರ ಮುಗಿಸಿಬಿಡೋಣ. ಆ ಹಸಿರು ಏಪ್ರಿಲ್ ತಿಂಗಳದ್ದಲ್ಲ. ಸೆಪ್ಟೆಂಬರ್ ಕೊನೆಯದ್ದೋ ಅಕ್ಟೋಬರ್‌ದ್ದೋ ಇರಬೇಕು, ಮಳೆ ಹಿಡಿದು ಬಿಟ್ಟ ಹೊತ್ತಿನದ್ದು. ಏಪ್ರಿಲ್‌ನಲ್ಲಿ ಅದೇ ಗುಡ್ಡ ನಮ್ಮ ಕಡೆಯ ಒಣಹುಲ್ಲಿನ ಬಣವೆಯ ಬಣ್ಣಕ್ಕೆ ತಿರುಗಿರುತ್ತದೆ. ಚೆಂದ ಇಲ್ಲ ಅಂತಲ್ಲ. ಬೆಳಗಿನ ಎಳೆ ಬಿಸಿಲಿಗೆ ಗುಡ್ಡಕ್ಕೆ ಗುಡ್ಡವೇ ಹೊನ್ನಿನ ಬಣ್ಣಕ್ಕೆ ಬರುತ್ತದೆ. ಆದರೆ ಹಸಿರು ಹುಡುಕಿಕೊಂಡು ಹೋದವರಿಗೆ ಮೋಸ ಆದ ಹಾಗೆ ಅನ್ನಿಸುತ್ತದೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹೊರದೇಶದ ಚಾರಣದ ಲೇಖನಗಳಲ್ಲಿ ವಸಂತ ಅಂದರೆ ಹಿಮ ಕರಗಿ ಹಳ್ಳ ತುಂಬುವ ಕಾಲ. ನಮ್ಮ ವಸಂತ ಹಳ್ಳ ಬತ್ತುವ ಕಾಲ. ಇದೊಂದು ತಿಳಿದುಕೊಂಡರೆ ಉಳಿದ ಲೆಕ್ಕ ಸುಲಭ. ಏಪ್ರಿಲ್‌ನಲ್ಲಿ ಗುಡ್ಡವನ್ನು ಎತ್ತರ ನೋಡಿ ಆರಿಸಬಾರದು. ನೆರಳು ಎಷ್ಟಿದೆ, ನೀರು ಎಲ್ಲಿದೆ, ಬಿಸಿಲು ಏರುವುದರೊಳಗೆ ವಾಪಸ್ ಬರಬಹುದಾ ಅಂತ ನೋಡಿ ಆರಿಸಬೇಕು.

ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಗೇಟು ತೆರೆದಿರುತ್ತದಾ?

ಕುದುರೆಮುಖದ ಗುಡ್ಡಗಳ ತಲೆ ಮೇಲೆ ಮರ ಇಲ್ಲ, ಹುಲ್ಲು. ಮಡಿಕೆ ಮಡಿಕೆಯಾದ ಕಣಿವೆಗಳಲ್ಲಿ ಮಾತ್ರ ಒತ್ತಾದ ಕುಳ್ಳ ಮರಗಳ ಕಾಡು. ಅದನ್ನೇ ಶೋಲಾ ಅನ್ನುತ್ತಾರೆ. ಮಳೆ ನಿಂತು ನಾಲ್ಕು ತಿಂಗಳಾದ ಮೇಲೆ ಹುಲ್ಲು ಗರಿಗರಿ ಒಣಗುತ್ತದೆ. ಒಂದು ಬೀಡಿ ತುಂಡು ಸಾಕು. ಗುಡ್ಡದ ಮೇಲೆ ಗಾಳಿಗೇನು ಕೊರತೆ ಇಲ್ಲವಲ್ಲ, ಬೆಂಕಿ ಓಡುವ ವೇಗಕ್ಕೆ ಮನುಷ್ಯ ಓಡಲಾರ. ಈ ಬೆಂಕಿಗಳು ಬಹುತೇಕ ತಾವಾಗಿ ಹತ್ತುವುದಿಲ್ಲ, ಜನರಿಂದಲೇ ಹತ್ತುತ್ತವೆ. ಹೀಗಾಗಿ ಫೆಬ್ರವರಿಯಿಂದ ಮುಂಗಾರಿನ ಮುಂಚಿನ ಮಳೆ ಬೀಳುವ ತನಕ ಅರಣ್ಯ ಇಲಾಖೆಯವರು ಇಲ್ಲಿನ ಚಾರಣ ದಾರಿಗಳನ್ನು ಮುಚ್ಚುವುದು ರೂಢಿ. ಯಾವ ದಿನ ಮುಚ್ಚುತ್ತಾರೆ, ಯಾವ ದಿನ ತೆರೆಯುತ್ತಾರೆ ಅನ್ನುವುದು ಆಯಾ ವರ್ಷದ ಒಣಗಿನ ಮೇಲೆ ಹೋಗುತ್ತದೆ. ಒಂದೊಂದು ವರ್ಷ ಮಾರ್ಚ್ ಕೊನೆಗೇ ನಾಲ್ಕು ಹದವಾದ ಮಳೆ ಬಿದ್ದು ಎಲ್ಲ ತಣ್ಣಗಾಗಿರುತ್ತದೆ. ಇನ್ನೊಂದು ವರ್ಷ ಮೇ ಬಂದರೂ ಹನಿ ಇರುವುದಿಲ್ಲ.

ಹಾಗಾಗಿ ಹೋಂಸ್ಟೇಗೆ ಮುಂಗಡ ಕೊಡುವ ಮೊದಲು ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟ್ ತೆಗೆದು, ನಿಮ್ಮ ದಿನಾಂಕಕ್ಕೆ ಟಿಕೆಟ್ ತೋರಿಸುತ್ತದಾ ನೋಡಿ. ಹಿಂದೆ ಊರಲ್ಲೇ ಯಾರನ್ನೋ ಹಿಡಿದು ಹತ್ತಿಬಿಡುತ್ತಿದ್ದೆವು. ಈಗ ಅದೆಲ್ಲ ನಡೆಯುವುದಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಸೇರಿ ದೊಡ್ಡ ಸುದ್ದಿಯಾಯಿತು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ತಂದಿತು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಗೈಡ್ ಜೊತೆಗೇ ಹೋಗಬೇಕು. ಅನುಮಾನ ಇದ್ದರೆ ಕಾರ್ಕಳದಲ್ಲಿ ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಇದೆ, ಫೋನ್ ಮಾಡಿ ಕೇಳಿ. ಹೋಂಸ್ಟೇಯವರನ್ನೊಬ್ಬರನ್ನೇ ಕೇಳಬೇಡಿ. ಪಾಪ, ಅವರಿಗೂ ರೂಮು ತುಂಬಬೇಕಲ್ಲ, "ಬನ್ನಿ ಸಾರ್, ಏನಾದ್ರೂ ಮಾಡೋಣ" ಅನ್ನುತ್ತಾರೆ. ಆ ಏನಾದರೂ ಅಂದರೆ ಕಳ್ಳದಾರಿ. ಮಕ್ಕಳನ್ನು ಕಟ್ಟಿಕೊಂಡು ಅಂಥ ಕೆಲಸಕ್ಕೆ ಹೋಗಬೇಡಿ.

ಮುಚ್ಚಿದ್ದರೆ ಬೇಜಾರಾಗುತ್ತದೆ, ನನಗೂ ಆಗುತ್ತದೆ. ಆದರೆ ಬೇರೆ ಯಾರಿಗಿಂತ ದಾವಣಗೆರೆಯವರು ಆ ಗೇಟಿನ ಬಗ್ಗೆ ಕಡಿಮೆ ಬೈಯಬೇಕು. ಯಾಕೆ ಅಂದರೆ, ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಈ ಉದ್ಯಾನದೊಳಗಿನ ಗಂಗಾಮೂಲದಲ್ಲಿ. ಭದ್ರೆ ಕಳಸ, ಬಾಳೆಹೊನ್ನೂರು ಹಾದು ಲಕ್ಕವಳ್ಳಿಯ ಡ್ಯಾಮಿಗೆ ಬರುತ್ತಾಳೆ. ಅಲ್ಲಿಂದ ಬಲದಂಡೆ ನಾಲೆಯಲ್ಲಿ ನಿಮ್ಮೂರಿನ ಭತ್ತದ ಗದ್ದೆಗೆ. ನಿಮ್ಮತ್ತೆ ದಿನಾ ಸುತ್ತುವ ಕುಂದವಾಡ ಕೆರೆಗೆ ಬಂದು ಬೀಳುವುದೂ ಅದೇ ನೀರು. ಡ್ಯಾಮ್ 186 ಅಡಿ ಮುಟ್ಟಿತಾ ಅಂತ ಪ್ರತಿ ಮಳೆಗಾಲ ಪೇಪರ್ ನೋಡುತ್ತೇವಲ್ಲ, ಆ ಲೆಕ್ಕ ಶುರುವಾಗುವುದು ಈ ಹುಲ್ಲುಗುಡ್ಡಗಳಲ್ಲಿ. ಮಳೆ ನೀರನ್ನು ಹುಲ್ಲಿನ ಬೇರು ಮತ್ತು ಶೋಲಾದ ಕೊಳೆತ ಎಲೆಗಳ ದಪ್ಪ ಮಣ್ಣು ಹೀರಿಟ್ಟುಕೊಂಡು ಬೇಸಿಗೆ ತನಕ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ವರ್ಷ ವರ್ಷ ಬೆಂಕಿ ಬಿದ್ದರೆ ಶೋಲಾದ ಅಂಚು ಸುಟ್ಟು ಸುಟ್ಟು ಒಳಗೆ ಸರಿಯುತ್ತದೆ.

ಇದೇ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು ಅನ್ನುವುದು ನಿಮ್ಮ ವಯಸ್ಸಿನವರಿಗೆ ನೆನಪಿರಬಹುದು. 1976ರಲ್ಲಿ ಶುರುವಾದ ಕಂಪನಿ, ಅದಿರನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿತ್ತು. ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಗಿದ್ದು 1987ರಲ್ಲಿ, ಸುಮಾರು 600 ಚದರ ಕಿಲೋಮೀಟರ್. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. 2012ರಲ್ಲಿ ಪಶ್ಚಿಮಘಟ್ಟದ ವಿಶ್ವಪರಂಪರೆ ತಾಣಗಳ ಪಟ್ಟಿಯಲ್ಲಿ ಕುದುರೆಮುಖವೂ ಸೇರಿತು. ಕುದುರೆಮುಖ ಟೌನ್‌ಶಿಪ್ ಹಾದು ಹೋಗುವಾಗ ಖಾಲಿ ಮನೆಗಳ ಸಾಲು ಕಾಣುತ್ತದೆ, ಮಕ್ಕಳು ಕೇಳಿದರೆ ಈ ಕತೆ ಹೇಳಿ.

ಸರಿ, ಗೇಟು ತೆರೆದಿದೆ ಅಂತಲೇ ಇಟ್ಟುಕೊಳ್ಳೋಣ. ಯಾವ ದಾರಿ?

ಕುದುರೆಮುಖ ಶಿಖರ ಬೇಡ. ನಿಮ್ಮನೆಯವರಿಗೆ ಇದನ್ನು ಓದಿ ಹೇಳಿ. ಬುಡದ ಮುಳ್ಳೋಡಿ ಹಳ್ಳಿಯಿಂದ ಹೋಗಿ ಬರುವುದು ಹತ್ತಿರ ಹತ್ತಿರ 20 ಕಿಲೋಮೀಟರ್. ಎತ್ತರ 1,890 ಮೀಟರಿಗೂ ಸ್ವಲ್ಪ ಜಾಸ್ತಿ. ಮುಳ್ಳೋಡಿಗೇ ಜೀಪಿನಲ್ಲಿ ಮೈ ಕೈ ಕುಲುಕಿಸಿಕೊಂಡು ಹೋಗಬೇಕು. ನಡುವೆ ಶೋಲಾದ ತುಂಡುಗಳು ಸಿಗುತ್ತವೆ, ಆದರೆ ಒಂಟಿಮರ ಅನ್ನುವ ಜಾಗ ದಾಟಿದ ಮೇಲೆ ಬಹುಪಾಲು ಬಯಲು ಹುಲ್ಲಿನ ಏರು. ಗಟ್ಟಿ ಕಾಲಿನವರಿಗೂ ಇಡೀ ದಿನ ಬೇಕು. ಎಂಟು ವರ್ಷದ ಮಗು ಹತ್ತಬಹುದು, ಹತ್ತಿದ ಮಕ್ಕಳನ್ನು ನೋಡಿದ್ದೇನೆ. ಅದು ಅಕ್ಟೋಬರ್-ನವೆಂಬರಿನ ಮಾತು. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಆ ಮಗುವನ್ನು ಹೆಗಲ ಮೇಲೆ ಹೊರುವುದು ಯಾರು ಅಂತ ನಿಮ್ಮನೆಯವರನ್ನು ಕೇಳಿ.

"ಗುಡ್ಡದ ಮೇಲೆ ತಂಪಿರುತ್ತದಲ್ಲ" ಅಂತ ಅವರು ಹೇಳಬಹುದು. ಲೆಕ್ಕ ಹಾಕಿ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ದಾವಣಗೆರೆಯೇ 600 ಮೀಟರ್ ಎತ್ತರದಲ್ಲಿದೆ. ಅಂದರೆ ಶಿಖರದ ತುದಿಯಲ್ಲಿ ನಿಮ್ಮೂರಿಗಿಂತ ಎಂಟು ಡಿಗ್ರಿ ಕಡಿಮೆ, ದಾರಿಯಲ್ಲಿ ಮೂರೋ ನಾಲ್ಕೋ. ನಿಮ್ಮೂರಲ್ಲಿ ಬಿಸಿಲಾದರೆ ಬೇವಿನ ಮರದ ಕೆಳಗೆ ನಿಲ್ಲಬಹುದು. ಅಲ್ಲಿ ಮೈಲಿಗಟ್ಟಲೆ ಒಂದು ಕೊಡೆ ಅಗಲದ ನೆರಳೂ ಇಲ್ಲ.

ನೇತ್ರಾವತಿ ಶಿಖರ, ಸಂಸೆ ಕಡೆಯದ್ದು, ಈಚೆಗೆ ತುಂಬ ಹೆಸರು ಮಾಡಿದೆ. ಫೋಟೋಕ್ಕೆ ಬಹಳ ಚೆನ್ನಾಗಿದೆ. ಆದರೆ ಕೊನೆಯ ಭಾಗ ಬೋಳು ಏಣು. ಇದನ್ನೂ ಮಳೆಗಾಲದ ನಂತರಕ್ಕೇ ಇಟ್ಟುಕೊಳ್ಳಿ.

ನಾನು ನಿಮಗೆ ಹೇಳುವುದು ಕುರಿಂಜಾಲ್. ಕುದುರೆಮುಖ ಟೌನಿನ ಹತ್ತಿರ, ಭಗವತಿ ಪ್ರಕೃತಿ ಶಿಬಿರದ ಕಡೆಯಿಂದ ದಾರಿ. ಹೋಗಿ ಬರಲು ಹನ್ನೆರಡು-ಹದಿಮೂರು ಕಿಲೋಮೀಟರ್ ಆಗುತ್ತದೆ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ಆದರೆ ಬಹಳಷ್ಟು ದೂರ ಕಾಡಿನೊಳಗಿನ ಹಳೇ ಜೀಪ್ ದಾರಿ. ಏರು ಸಣ್ಣದು, ಕಾಲಿಗೆ ಕಲ್ಲು ಕಮ್ಮಿ, ತಲೆ ಮೇಲೆ ನೆರಳು. ತುದಿಯ ಹುಲ್ಲುಗಾವಲು ಕೊನೆಯಲ್ಲಿ ಮಾತ್ರ ಬರುತ್ತದೆ. ಇದರ ದೊಡ್ಡ ಗುಣ ಏನೆಂದರೆ, ಎಲ್ಲಿ ಬೇಕಾದರೂ ತಿರುಗಿ ಬರಬಹುದು. ಮಗಳು ನಾಲ್ಕು ಕಿಲೋಮೀಟರಿಗೆ ಕುಳಿತುಬಿಟ್ಟರೆ ಅಲ್ಲಿಗೇ ಬುತ್ತಿ ಬಿಚ್ಚಿ, ಕಾಡು ನೋಡಿದ್ದು ಆಯಿತು ಅಂತ ವಾಪಸ್ ಬನ್ನಿ. ಏನೂ ಕಳೆದುಕೊಂಡ ಹಾಗಲ್ಲ. ನಿಜ ಹೇಳಬೇಕೆಂದರೆ ಏಪ್ರಿಲ್‌ನಲ್ಲಿ ನೋಡುವಂಥದ್ದೆಲ್ಲ ಇರುವುದು ಕಾಡಿನೊಳಗೇ. ಹೊಸ ಚಿಗುರು ಅಂದರೆ ನಾವು ಎಳೆ ಹಸಿರು ಅಂದುಕೊಳ್ಳುತ್ತೇವೆ. ಇಲ್ಲಿ ಮಾವಿನ ಚಿಗುರಿನ ಹಾಗೆ ತಾಮ್ರದ ಬಣ್ಣ, ಕೆಲವು ಕಡೆ ರಕ್ತಗೆಂಪು. ದೂರದಿಂದ ಇಡೀ ಮರ ಹೂ ಬಿಟ್ಟಿದೆ ಅನ್ನಿಸುತ್ತದೆ. ಅದೃಷ್ಟ ಇದ್ದರೆ ಸಿಂಗಳೀಕ ಕಾಣಬಹುದು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಸಿಂಹದ ಹಾಗೆ ಬಾಲದ ತುದಿಗೆ ಕುಚ್ಚು. ನೆಲಕ್ಕೆ ಇಳಿಯುವುದು ಅಪರೂಪ, ಆದ್ದರಿಂದ ಕುತ್ತಿಗೆ ಎತ್ತಿ ನಡೆಯಿರಿ. ಬಿಸ್ಕತ್ತು ಹಾಕಬೇಡಿ. ಕಾಟಿ, ಅಂದರೆ ಕಾಡುಕೋಣ, ಎದುರಾದರೆ ಗೈಡ್ ಹೇಳಿದ ಹಾಗೆ ಸುಮ್ನೆ ನಿಂತುಬಿಡಿ.

ಎರಡನೇ ಆಯ್ಕೆ ಗಂಗಡಿಕಲ್ಲು. ಕುರಿಂಜಾಲ್‌ಗಿಂತ ಚಿಕ್ಕದು, ಆದರೆ ಏರು ಚುರುಕು, ನೆರಳು ಕಡಿಮೆ. ಮಗ ಮತ್ತು ನಿಮ್ಮನೆಯವರು ಇಬ್ಬರೇ ಬೆಳಿಗ್ಗೆ ಬೇಗ ಹೋಗಿ ಬರಲಿ, ಅವರ ಹಠವೂ ತೀರುತ್ತದೆ. ಅಪ್ಪ ಮಗನಿಗೆ ಅದೊಂದು ನೆನಪು.

ಮೂರನೆಯದು ಇಷ್ಟವಾಗಬಹುದು, ಆದರೆ ಉದ್ಯಾನದ ಇನ್ನೊಂದು ಮೂಲೆ: ಶೃಂಗೇರಿ ಹತ್ತಿರದ ಕಿಗ್ಗದಿಂದ ನರಸಿಂಹ ಪರ್ವತ. ಆಗುಂಬೆ ಸಾಲಿನಲ್ಲಿ ಇದೇ ಎತ್ತರದ ಗುಡ್ಡ, 1,150 ಮೀಟರ್ ಆಸುಪಾಸು. ಕಿಗ್ಗದ ಋಷ್ಯಶೃಂಗೇಶ್ವರನನ್ನು ಮಳೆ ದೇವರು ಅಂತಲೇ ಕರೆಯುತ್ತಾರೆ. ಮಳೆ ಬಾರದಿದ್ದಾಗ ಹೋಗಿ ಪೂಜೆ ಮಾಡಿಸುವ ಜನ ಈಗಲೂ ಇದ್ದಾರೆ. ನಮ್ಮ ಚಿತ್ರದುರ್ಗದವರು ಅಲ್ಲೇ ಒಂದು ಮನೆ ಮಾಡಿಕೊಂಡು ಕೂರಬೇಕು, ಆ ಮಾತು ಬೇರೆ. ಹತ್ತಿರದಲ್ಲೇ ಸಿರಿಮನೆ ಜಲಪಾತ. ಬೇಸಿಗೆಯಲ್ಲಿ ನೀರು ತೆಳ್ಳಗಾಗಿರುತ್ತದೆ, ಆದರೆ ಮಕ್ಕಳಿಗೆ ಅದೇ ಒಳ್ಳೆಯದು, ಮಳೆಗಾಲದಲ್ಲಿ ಹತ್ತಿರ ನಿಲ್ಲಲೂ ಭಯ.

ಈಗ ಗಡಿಯಾರದ ವಿಷಯ. ಇದು ಗುಡ್ಡಕ್ಕಿಂತ ಮುಖ್ಯ. ಗೇಟು ತೆರೆಯುವ ಮೊದಲ ಹೊತ್ತಿಗೇ ಅಲ್ಲಿರಿ. ಎಲ್ಲೇ ಇದ್ದರೂ ಹತ್ತೂವರೆಗೆ ತಿರುಗಿಬಿಡಿ, ತುದಿ ಇನ್ನೂ ಅರ್ಧ ಕಿಲೋಮೀಟರ್ ಇದ್ದರೂ ಸರಿ. ಬಿಸಿಲು ಒಂದು ಕಾರಣ, ಸಿಡಿಲು ಇನ್ನೊಂದು. ಏಪ್ರಿಲ್‌ನಲ್ಲಿ ಬೆಳಿಗ್ಗೆ ಕನ್ನಡಿ ಹಾಗಿರುವ ಆಕಾಶ ಮಧ್ಯಾಹ್ನ ಎರಡು ಮೂರು ಗಂಟೆಗೆ ಕಪ್ಪಾಗಿ ಗುಡುಗು ಮಳೆ ಬರುತ್ತದೆ. ಬೋಳು ಗುಡ್ಡದ ಏಣಿನ ಮೇಲೆ ಆಗ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ.

ನೀರಿನ ವಿಷಯಕ್ಕೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ಬಹಳ ವರ್ಷದ ಹಿಂದೆ ಇಪ್ಪತ್ತು ಹೈಸ್ಕೂಲ್ ಹುಡುಗರನ್ನು ಕರೆದುಕೊಂಡು ಏಪ್ರಿಲ್‌ನಲ್ಲಿ ಘಟ್ಟದ ಒಂದು ಗುಡ್ಡ ಹತ್ತಿಸಿದ್ದೆ. ಡಿಸೆಂಬರ್‌ನಲ್ಲಿ ಹೋದಾಗ ನಡುದಾರಿಯಲ್ಲಿ ಮೊಣಕಾಲುದ್ದ ಹರಿಯುತ್ತಿದ್ದ ಹಳ್ಳ ನೋಡಿದ್ದೆನಲ್ಲ, ಅದನ್ನೇ ನಂಬಿ ಒಬ್ಬೊಬ್ಬರಿಗೆ ಒಂದೊಂದೇ ಬಾಟಲಿ ಹಿಡಿಸಿದ್ದೆ. ಹೋಗಿ ನೋಡಿದರೆ ಹಳ್ಳದಲ್ಲಿ ಬಿಳಿ ಕಲ್ಲು, ಒಂದು ಮೂಲೆಯಲ್ಲಿ ಎಲೆ ಕೊಳೆತ ನೀರಿನ ಗುಂಡಿ, ಅದರ ಸುತ್ತ ಕಾಟಿಯ ಹೆಜ್ಜೆ. ಹತ್ತೂವರೆಗೆ ಎಲ್ಲರ ಬಾಟಲಿ ಖಾಲಿ. ಅಲ್ಲಿಂದಲೇ ಇಳಿಸಿಕೊಂಡು ಬಂದೆ. ಕೆಳಗೆ ತೋಟದ ಮನೆಯ ಅಜ್ಜಿಯೊಬ್ಬರು ಕೊಳದಪ್ಪಲೆ ತುಂಬ ಮಜ್ಜಿಗೆ ಮಾಡಿಕೊಟ್ಟು, ನನ್ನನ್ನು ಮಾತ್ರ ಚೆನ್ನಾಗಿ ಬೈದರು. ಅವತ್ತಿನಿಂದ ಬೇಸಿಗೆಯಲ್ಲಿ ದೊಡ್ಡವರಿಗೆ ಮೂರು ಲೀಟರ್, ಮಕ್ಕಳಿಗೆ ಎರಡು ಲೀಟರ್ ಮನೆಯಿಂದಲೇ ಹೊರಿಸುತ್ತೇನೆ. ದಾರಿಯ ಹಳ್ಳ ಮುಖ ತೊಳೆಯಲು ಸಿಕ್ಕರೆ ಲಾಭ.

ಬುತ್ತಿಗೆ ಮೊಸರನ್ನ, ಚಪಾತಿ, ಬಾಳೆಹಣ್ಣು, ಬೆಲ್ಲ-ಶೇಂಗಾ ಸಾಕು. ದಾವಣಗೆರೆಯವರು ಮಂಡಕ್ಕಿ ಬಿಟ್ಟು ಎಲ್ಲೂ ಹೊರಡುವುದಿಲ್ಲ ಅಂತ ಗೊತ್ತು. ಖಾರ ಮಂಡಕ್ಕಿ ಕಾರಿನಲ್ಲೇ ಇರಲಿ, ಗುಡ್ಡದ ಮೇಲೆ ತಿಂದರೆ ನೀರಡಿಕೆ ಜಾಸ್ತಿ. ಪ್ಲಾಸ್ಟಿಕ್ ಪೊಟ್ಟಣ ಒಳಗೆ ಬಿಡುವುದಿಲ್ಲ, ಬ್ಯಾಗ್ ನೋಡುತ್ತಾರೆ. ಸ್ಟೀಲ್ ಡಬ್ಬಿ ಒಯ್ಯಿರಿ. ಬೆಂಕಿಪೊಟ್ಟಣ, ಲೈಟರ್ ಯಾರ ಜೇಬಿನಲ್ಲೂ ಬೇಡ.

ಬೇಸಿಗೆಯ ಒಂದು ಲಾಭ, ಜಿಗಣೆ ಇರುವುದಿಲ್ಲ. ಆದರೆ ಜಿಗಣೆಗಿಂತ ಕೆಟ್ಟದ್ದು ಇದೇ ಕಾಲದಲ್ಲಿರುತ್ತದೆ, ಅದರ ಬಗ್ಗೆ ಚಾರಣದ ವಿಡಿಯೋಗಳಲ್ಲಿ ಯಾರೂ ಮಾತಾಡುವುದಿಲ್ಲ: ಉಣುಗು. ನಮ್ಮ ಕಡೆ ದನದ ಮೈ ಮೇಲೆ ಉಣ್ಣೆ ಅನ್ನುತ್ತೇವಲ್ಲ, ಅದರದ್ದೇ ಕುಲ. ಕಾಡಿನದ್ದು ಸಾಸಿವೆಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. ಡಿಸೆಂಬರ್-ಜನವರಿಯಿಂದ ಮೇ ತನಕ ಅದರ ಕಾಲ, ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯೂ ಬಂದಿದೆ. ಹೆದರಿ ಮನೆಯಲ್ಲಿ ಕೂರಬೇಕಿಲ್ಲ, ಇಷ್ಟು ಮಾಡಿ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಮಲೆನಾಡಿನಲ್ಲಿ ಆರೋಗ್ಯ ಇಲಾಖೆಯವರು ಡೆಪಾ ತೈಲ ಕೊಡುತ್ತಾರೆ. ಸಿಕ್ಕರೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಮೆಡಿಕಲ್ ಶಾಪಿನ ಒಳ್ಳೆಯ ಕೀಟನಿವಾರಕ. ಒಣಎಲೆ ಹಾಸಿನ ಮೇಲೆ ಕೂರಬೇಡಿ, ಮಲಗಲಂತೂ ಬೇಡಿ, ಬಂಡೆ ನೋಡಿ ಕೂರಿ. ಸತ್ತ ಮಂಗ ಕಂಡರೆ ದೂರದಿಂದಲೇ ಗೈಡಿಗೆ ಹೇಳಿ. ಇಳಿದು ಬಂದ ತಕ್ಷಣ ಬಿಸಿನೀರಿನ ಸ್ನಾನ. ಮಕ್ಕಳ ಕಿವಿ ಹಿಂದೆ, ಕಂಕುಳು, ಮಂಡಿಯ ಹಿಂದೆ ನೋಡಿ. ಊರಿಗೆ ಬಂದ ವಾರ ಹತ್ತು ದಿನದೊಳಗೆ ಯಾರಿಗಾದರೂ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈ ಕೈ ಮುರಿದ ಹಾಗೆ ನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆವು" ಅಂತ ಮೊದಲ ಮಾತಿಗೇ ಹೇಳಿ. ದಾವಣಗೆರೆಯಲ್ಲಿ ಕೂತ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.

ಅತ್ತೆಯವರ ವಿಷಯ. ಕೆರೆ ಏರಿ ಸಮತಟ್ಟು, ಅಲ್ಲಿ ನಡೆದದ್ದು ಗುಡ್ಡಕ್ಕೆ ಲೆಕ್ಕಕ್ಕಿಲ್ಲ. ಮೊಣಕಾಲು ನೋವಿರುವವರಿಗೆ ಹತ್ತುವುದಲ್ಲ, ಇಳಿಯುವುದೇ ಪೆಟ್ಟು. ಅವರನ್ನು ಚಾರಣಕ್ಕೆ ಎಳೆಯಬೇಡಿ. ಕಳಸದಲ್ಲಿ ಉಳಿದುಕೊಳ್ಳಿ. ಅಲ್ಲಿಂದ ಹೊರನಾಡು ಎಂಟು ಕಿಲೋಮೀಟರ್ ಇರಬಹುದು. ನೀವೆಲ್ಲ ಕುರಿಂಜಾಲ್‌ಗೆ ಹೋದ ದಿನ ಅವರು ಅನ್ನಪೂರ್ಣೇಶ್ವರಿ ದರ್ಶನ ಮಾಡಿ ಪ್ರಸಾದದ ಊಟ ಮುಗಿಸಿರುತ್ತಾರೆ. ನಿಮಗಿಂತ ಖುಷಿಯಾಗಿಯೂ ಇರುತ್ತಾರೆ. ಸಂಜೆ ಎಲ್ಲರೂ ಸೇರಿ ಕಳಸದ ಹತ್ತಿರದ ಅಂಬಾತೀರ್ಥಕ್ಕೆ ಹೋಗಿ. ಮಧ್ವಾಚಾರ್ಯರು ತಂದಿಟ್ಟರು ಅಂತ ಹೇಳುವ ದೊಡ್ಡ ಬಂಡೆ ಭದ್ರೆಯ ಮಡುವಿನಲ್ಲಿದೆ. ನೋಡಿ, ನೀರಿಗೆ ಮಾತ್ರ ಇಳಿಯಬೇಡಿ, ಬಂಡೆಯ ಸಂದಿಯಲ್ಲಿ ಆಳ ತಿಳಿಯುವುದಿಲ್ಲ. ಕಾರ್ಕಳದ ದಾರಿಯ ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲಿದೆ. ಇಳಿಯುವುದು ಸಲೀಸು ಅನ್ನಿಸುತ್ತದೆ, ಅಷ್ಟೂ ಮೆಟ್ಟಿಲು ವಾಪಸ್ ಹತ್ತಬೇಕು. ಅತ್ತೆ ಮೇಲೆಯೇ ಕೂರಲಿ.

ರಸ್ತೆ ಇನ್ನೂರು ಕಿಲೋಮೀಟರ್ ಮೇಲಾಗುತ್ತದೆ, ಅರ್ಧ ತಿರುವು. ಸಂತೇಬೆನ್ನೂರು, ಚನ್ನಗಿರಿ, ಭದ್ರಾವತಿ ಮೇಲೆ ಹೋಗಿ. ಸಂತೇಬೆನ್ನೂರಿನ ಪುಷ್ಕರಣಿ ನೋಡಿರದಿದ್ದರೆ ಹತ್ತು ನಿಮಿಷ ನಿಲ್ಲಿಸಿ. ಎಷ್ಟೋ ದಾವಣಗೆರೆಯವರು ನೋಡೇ ಇಲ್ಲ. ಎನ್.ಆರ್.ಪುರ ದಾಟಿದ ಮೇಲೆ ಕಿಟಕಿ ಇಳಿಸಿ. ಹೂಮಳೆ ಬಿದ್ದು ವಾರವಾಗಿದ್ದರೆ ಕಾಫಿ ತೋಟ ಪೂರ್ತಿ ಬೆಳ್ಳಗೆ ಹೂವಾಗಿರುತ್ತದೆ, ಮಲ್ಲಿಗೆಯಂಥ ವಾಸನೆ ಕಾರಿನೊಳಗೆ ತುಂಬುತ್ತದೆ. ಮೂರ್ನಾಲ್ಕು ದಿನ ಅಷ್ಟೇ, ಆಮೇಲೆ ಕಂದಿ ಹೋಗುತ್ತದೆ. ಕೆಲವು ಕಡೆ ಸುರಗಿ ಹೂ ಪೋಣಿಸಿ ಮಾರುತ್ತಿರುತ್ತಾರೆ, ಅತ್ತೆಗೆ ಒಂದು ಸರ ತೆಗೆದುಕೊಡಿ. ಒಣಗಿದ ಮೇಲೂ ಘಮ ಹೋಗುವುದಿಲ್ಲ. ಉದ್ಯಾನದ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಅಷ್ಟರೊಳಗೆ ಆ ಕಡೆ ದಾಟಬೇಕು, ನಡುವೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವ ಹಾಗಿಲ್ಲ. ಗಂಗಾಮೂಲವನ್ನೂ ರಸ್ತೆಯಿಂದಲೇ ಕೈಮುಗಿದು ಮುಂದೆ ಹೋಗಿ, ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ.

ಗೇಟು ಮುಚ್ಚಿದ್ದರೆ? ಹೊರನಾಡು, ಕಳಸ, ಸಿರಿಮನೆ, ಕಾಫಿ ಹೂವು ಇಷ್ಟಕ್ಕೇ ಎರಡು ದಿನ ಮಾಡಿ, ಮೂರನೇ ದಿನದ ಗುಡ್ಡವನ್ನು ನಮ್ಮೂರಿಗೆ ತನ್ನಿ. ಇದು ನಮ್ಮೂರ ಅಭಿಮಾನದ ಮಾತು ಅಂತ ನಗಬೇಡಿ. ಚಿತ್ರದುರ್ಗದ ಕೋಟೆ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ನಿಮ್ಮೂರಿಂದ ಹೆದ್ದಾರಿಯಲ್ಲಿ ಒಂದೂಕಾಲು ಗಂಟೆ. ಆರರಿಂದ ಒಂಬತ್ತರ ತನಕ ಆ ಬಂಡೆಗಳ ನಡುವೆ ತಣ್ಣನೆ ಗಾಳಿ ಇರುತ್ತದೆ. ಹತ್ತಾದ ಮೇಲೆ ಬಂಡೆ ಕಾದು ಹೆಂಚಿನ ಹಾಗಾಗುತ್ತದೆ, ಆಮೇಲೆ ಬಂದವರೇ "ದುರ್ಗದಲ್ಲಿ ಏನಿದೆ ಬಿಸಿಲು ಬಿಟ್ಟರೆ" ಅನ್ನುವವರು. ಮಕ್ಕಳಿಗೆ ಓಬವ್ವನ ಕಿಂಡಿ ಹೇಗೂ ಗೊತ್ತಿರುತ್ತದೆ. ಅವರಿಗೆ ಹೊಂಡಗಳನ್ನು ತೋರಿಸಿ. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ. ಮಳೆ ಕಮ್ಮಿ ಇರುವ ಊರಿನವರು ಹನಿ ನೀರು ಹೇಗೆ ಹಿಡಿಯುತ್ತಿದ್ದರು ಅಂತ ನಡೆಯುತ್ತಲೇ ತೋರಿಸಬಹುದು. ತುಪ್ಪದ ಕೊಳದ ಬಂಡೆಗೆ ಕಾಲಿಡಲು ಗುಳಿ ಕೊರೆದಿದ್ದಾರೆ. ಮಗ ಹತ್ತುತ್ತಾನೆ, ಹಿಂದೆ ಒಬ್ಬರಿರಿ.

ಇನ್ನೊಂದು ಬೆಳಿಗ್ಗೆ ಜೋಗಿಮಟ್ಟಿ. ಊರಿಂದ ಸ್ವಲ್ಪ ದೂರ, ತುದಿ ತನಕ ರಸ್ತೆ ಇದೆ, ಹಾಗಾಗಿ ಅತ್ತೆಯೂ ಬರಬಹುದು. 2015ರಿಂದ ಅದು ವನ್ಯಜೀವಿ ಧಾಮ. ಕರಡಿ, ಚಿರತೆ ಇರುವ ಕಾಡು, ಗೇಟಿನಲ್ಲಿ ಟಿಕೆಟ್ ತೆಗೆದುಕೊಂಡು ಅವರು ಹೇಳಿದ ಹೊತ್ತಿಗೇ ಹೋಗಿ. ಬೆಂಕಿ ಕಾಲದಲ್ಲಿ ಇಲ್ಲೂ ಬಿಡದೇ ಇರಬಹುದು. ಯುಗಾದಿ ಹೊತ್ತಿಗೆ ಕೆಳಗಿನ ಕುರುಚಲು ಕಾಡಿನಲ್ಲಿ ಮುತ್ತುಗದ ಹೂ ಇನ್ನೂ ಉಳಿದಿರುತ್ತದೆ, ಹೊಂಗೆ ಹೊಸ ಎಲೆ ಬಿಟ್ಟು ಮಿರಮಿರ ಅನ್ನುತ್ತಿರುತ್ತದೆ. ಮೇಲೆ ಗಾಳಿ ಎಷ್ಟು ಅಂದರೆ ಟೋಪಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಸುತ್ತಲ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ.

ಇನ್ನೊಂದು ಮಾತು. ಕುದುರೆಮುಖ ತೆರೆದಿದ್ದರೂ ಹೊರಡುವ ಮೊದಲಿನ ಭಾನುವಾರ ಒಮ್ಮೆ ಕೋಟೆಗೆ ಬಂದು ಹೋಗಿ. ಮೂರು ಗಂಟೆ ಹತ್ತಿ ಇಳಿದು, ಮಾರನೇ ದಿನ ಮಗಳು ಮನೆಯ ಮೆಟ್ಟಿಲು ಹೇಗೆ ಹತ್ತುತ್ತಾಳೆ ನೋಡಿ. ಕುಂಟದೆ ಹತ್ತಿದರೆ ಕುರಿಂಜಾಲ್ ಪೂರ್ತಿ ಮಾಡುತ್ತಾಳೆ. ಹೊಸ ಬೂಟು ಕೊಡಿಸಿದ್ದರೆ ಕಡಿಯುತ್ತದಾ ಅನ್ನುವುದೂ ಅವತ್ತೇ ಗೊತ್ತಾಗುತ್ತದೆ.

ನಿಮ್ಮನೆಯವರ ಶಿಖರವನ್ನು ದಸರಾ ರಜೆ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಅದರ ಕಾಲ. ಶನಿವಾರ ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ, ರಜೆ ಹಾಕಿ ಮಂಗಳವಾರವೋ ಬುಧವಾರವೋ ನೋಡಲಿ. ಅಕ್ಟೋಬರ್‌ಗೆ ಹೋದರೆ ಜಿಗಣೆ ಇನ್ನೂ ಇರುತ್ತದೆ, ಕಾಲುಚೀಲಕ್ಕೆ ಸುಣ್ಣ ಹೊಗೆಸೊಪ್ಪು ಸವರಿಕೊಳ್ಳಲು ಹೇಳಿ. ವಿಡಿಯೋದಲ್ಲಿ ಕಂಡ ಹಸಿರು ಆಗ ಅಲ್ಲೇ ಇರುತ್ತದೆ.